ಖಜಾನೆಯ ಕೀಲಿ ಯಾರ ಕೈಗೆ?

1678ರ ಫೆಬ್ರುವರಿ 28ರಂದು ಕೊಂಕಣದ ರಾಜಾಪುರದ ಇಂಗ್ಲಿಷ್ ಕೋಠಿಯವರು ಬರೆದ ಕಾಗದವೊಂದರಲ್ಲಿ ಶಿವಾಜಿಯ ಸುದ್ದಿಯಿದೆ. ಆತ ಒಂದು ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಾನೆ, ಮೊಗಲರಿಂದಲೂ ದಖನಿಗಳಿಂದಲೂ ಆಗದಷ್ಟು ಅವಮಾನ ಅಲ್ಲಿ ಆಗಿದೆ, ಇಷ್ಟೆಲ್ಲ ರಾಜ್ಯ ಗೆದ್ದವನಿಗೆ ಒಬ್ಬ ಹೆಣ್ಣು ದೇಸಾಯಿಯನ್ನು ಮಣಿಸಲು ಆಗುತ್ತಿಲ್ಲ ಎಂಬುದು ಅದರ ತಾತ್ಪರ್ಯ. ಕೋಠಿಯವರಿಗೆ ಶಿವಾಜಿಯ ಮೇಲೆ ಹಳೆಯ ಸಿಟ್ಟಿತ್ತು. 1661ರಲ್ಲಿ ಆತ ರಾಜಾಪುರವನ್ನು ಕೊಳ್ಳೆ ಹೊಡೆದು ಅವರ ಜನರನ್ನು ಸೆರೆಗೆ ಹಾಕಿದ್ದ. ಆದ್ದರಿಂದ ಆತನ ಹೆಸರು ಕೆಡುವ ಸುದ್ದಿ ಅವರ ಬಾಯಿಗೆ ಬೆಲ್ಲವೇ. ಹಾಗಿದ್ದರೂ ಈ ಕಾಗದವನ್ನು ತಳ್ಳಿಹಾಕುವಂತಿಲ್ಲ. ಘಟನೆ ಇನ್ನೂ ನಡೆಯುತ್ತಿರುವಾಗಲೇ ಬರೆದದ್ದು ಅದು. ಬರೆದವರು ಆಕೆಯನ್ನು ದೇಸಾಯಿಯ ಹೆಂಡತಿ ಎನ್ನದೆ ದೇಸಾಯಿ ಎಂದೇ ಕರೆದರು.

ಆ ದೇಸಾಯಿ ಬೆಳವಡಿಯ ಮಲ್ಲಮ್ಮ. ಮರಾಠಿ ಬಖರುಗಳಲ್ಲಿ ಆಕೆ ಸಾವಿತ್ರಿಬಾಯಿ. ಬೆಳವಡಿ ಈಗ ಬೈಲಹೊಂಗಲ ತಾಲ್ಲೂಕಿನ ಒಂದು ಊರು. ನಮ್ಮ ಕಡೆಯ ಪರಂಪರೆಯಂತೆ ಆಕೆ ಸೋದೆಯ ಮಧುಲಿಂಗ ನಾಯಕನ ಮಗಳು. ತಮ್ಮನ ಜೊತೆ ಗುರುವಿನ ಹತ್ತಿರ ಅಕ್ಷರವನ್ನೂ ಆಯುಧವನ್ನೂ ಕಲಿತಳು, ಬೆಳವಡಿಯ ಈಶಪ್ರಭು ದೇಸಾಯಿಯ ಕೈಹಿಡಿದು ಬಂದಮೇಲೆ ಹೆಣ್ಣುಮಕ್ಕಳ ಒಂದು ಪಡೆಯನ್ನೇ ಕಟ್ಟಿದಳು. ಜಗಳ ಹುಟ್ಟಿದ್ದು ದನಗಳಿಂದ. ಜಿಂಜಿಯ ಕಡೆಯ ದೊಡ್ಡ ದಂಡಯಾತ್ರೆ ಮುಗಿಸಿ ಶಿವಾಜಿ ಗದಗ, ಲಕ್ಷ್ಮೇಶ್ವರ, ಸಂಪಗಾವಿಯ ಮೇಲೆ ಹಾದು ಹಿಂದಿರುಗುತ್ತಿದ್ದ. ಬೆಳವಡಿಯವರು ದಂಡಿನ ಸಾಮಾನು ಹೊರುವ ಎತ್ತುಗಳನ್ನು ಹೊಡೆದುಕೊಂಡು ಹೋದರು ಎಂದು ಮರಾಠಿ ಬರಹಗಳು ಹೇಳುತ್ತವೆ. ನಮ್ಮ ಕಡೆ ಕೇಳಿದರೆ, ದಂಡಿನವರೇ ಊರಿನ ಹೈನದ ದನಗಳಿಗೆ ಕೈಹಾಕಿದರು ಅನ್ನುತ್ತಾರೆ. ಯಾರು ಯಾರ ದನ ಹೊಡೆದರೋ, ಒಂದು ಮಣ್ಣಿನ ಕೋಟೆ 27 ದಿನ ತಡೆದು ನಿಂತಿತು ಎಂಬುದನ್ನು ಎದುರಾಳಿಗಳ ಬರಹವೇ ಒಪ್ಪುತ್ತದೆ. ಈಶಪ್ರಭು ಕಾಳಗದಲ್ಲಿ ಬಿದ್ದ. ಆಮೇಲಿನ ಯುದ್ಧವೆಲ್ಲ ಮಲ್ಲಮ್ಮನದು.

ಮುಗಿದದ್ದು ಹೇಗೆಂಬುದಕ್ಕೂ ಎರಡು ಕಥೆಗಳಿವೆ. ಸೆರೆಸಿಕ್ಕ ಆಕೆಯೊಂದಿಗೆ ಸಖೂಜಿ ಗಾಯಕವಾಡನೆಂಬ ಸರದಾರ ಕೆಟ್ಟದಾಗಿ ನಡೆದುಕೊಂಡ, ಅದನ್ನು ಕೇಳಿ ಶಿವಾಜಿ ಅವನ ಕಣ್ಣು ಕೀಳಿಸಿ ಮನೋಳಿಯಲ್ಲಿ ಸೆರೆಯಿಟ್ಟ ಎಂಬುದು ಒಂದು. ಮನೋಳಿ ಎಂದರೆ ಸವದತ್ತಿ ತಾಲ್ಲೂಕಿನ ಈಗಿನ ಮುನವಳ್ಳಿ. ಶಿವಾಜಿ ಆಕೆಯನ್ನು ತಂಗಿಯಂತೆ ಕಂಡು ಸೀಮೆಯನ್ನು ಹಿಂದಿರುಗಿಸಿದ ಎಂಬುದು ಎರಡನೆಯದು. ಈ ಎರಡನೆಯ ಕಥೆಗೆ ಧಾರವಾಡದ ಹತ್ತಿರ ಯಾದವಾಡದ ಹನುಮಂತ ದೇವರ ಗುಡಿಯಲ್ಲಿರುವ ಕಲ್ಲನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಕಲ್ಲಿನ ಮೇಲ್ಭಾಗದಲ್ಲಿ ಕುದುರೆ ಏರಿದ ಶಿವಾಜಿ. ಕೆಳಭಾಗದಲ್ಲಿ ಅದೇ ಶಿವಾಜಿ ಕೂತಿದ್ದಾನೆ, ತೊಡೆಯ ಮೇಲೆ ಒಂದು ಕೂಸು, ಕೂಸಿಗೆ ಹಾಲು ಕುಡಿಸುತ್ತಿದ್ದಾನೆ. ಕೂಸು ಮಲ್ಲಮ್ಮನದು, ಕಲ್ಲು ಕೆತ್ತಿಸಿದವಳೂ ಆಕೆಯೇ ಎಂಬುದು ಜನರ ಮಾತು. ಸೋತವಳೇ ಗೆದ್ದವನ ಕಲ್ಲು ನಿಲ್ಲಿಸಿದಳೆಂದರೆ ಅದರಲ್ಲಿ ಭಕ್ತಿಗಿಂತ ರಾಜಕಾರಣ ಹೆಚ್ಚು ಎಂದು ನನಗೆ ತೋರುತ್ತದೆ. ಸೀಮೆ ತನಗೆ ಮರಳಿ ಬಂದಿದೆ ಎಂಬುದನ್ನು ಊರೂರಿಗೆ ಸಾರಿ ಹೇಳಲು ಅದಕ್ಕಿಂತ ಗಟ್ಟಿ ಕಾಗದ ಬೇರೆ ಯಾವುದಿತ್ತು?

ಈ ಸೀಮೆಗೆ ಹೆಣ್ಣಾಳಿಕೆ ಆಗಲೂ ಹೊಸದಲ್ಲ. ಆರು ನೂರು ವರ್ಷ ಹಿಂದೆ, 1047ರಲ್ಲಿ, ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಗೋಕಾಗೆಯ ಕೋಟೆಗೆ, ಅಂದರೆ ಇಂದಿನ ಗೋಕಾಕಕ್ಕೆ, ಮುತ್ತಿಗೆ ಹಾಕಿದ್ದಳು. ಇಮ್ಮಡಿ ಜಯಸಿಂಹನ ಅಕ್ಕ ಈಕೆ. ಕಿಸುಕಾಡು ಸೀಮೆಯ ಆಡಳಿತ ನಡೆಸಿದವಳು, ಗುಣದಬೆಡಂಗಿ ಎಂಬ ಬಿರುದಿನವಳು. ಈ ಮುತ್ತಿಗೆಯನ್ನು ಹೇಳುವ ಶಾಸನದ ಕವಿ ಅದರಲ್ಲಿ ವಿಚಿತ್ರವೇನನ್ನೂ ಕಂಡಂತಿಲ್ಲ. ಹೆಣ್ಣು ಕಚೇರಿ ನಡೆಸುವುದು ವಿಚಿತ್ರವಾಗಿ ಕಂಡದ್ದು ಬಹಳ ತಡವಾಗಿ, ಕಂಪನಿ ಸರಕಾರದ ಕಾಲಕ್ಕೆ. ಕಿತ್ತೂರಿನ ಕಥೆ ಅಲ್ಲಿಂದ ಶುರುವಾಗುತ್ತದೆ.

ಕಿತ್ತೂರ ಚನ್ನಮ್ಮ ಅಂದರೆ ಕುದುರೆ, ಕತ್ತಿ, ಮತ್ತು ಕಪ್ಪದ ಮಾತು. ಕಂಪನಿ ನಾಟಕಗಳಿಂದ ಹಿಡಿದು 1961ರ ಬಿ. ಆರ್. ಪಂತುಲು ಅವರ ಸಿನಿಮಾದವರೆಗೆ ನಮ್ಮ ಕಿವಿಯಲ್ಲಿ ತುಂಬಿರುವುದು ಅದೇ. ನಾಟಕಕ್ಕೆ ಅದು ಬೇಕು, ತಪ್ಪೇನಿಲ್ಲ. ಆದರೆ 1824ರ ಜಗಳ ಕಪ್ಪದ್ದಾಗಿರಲಿಲ್ಲ. ಕಿತ್ತೂರು ಪೇಶ್ವೆಗೆ ಕಪ್ಪ ಕಟ್ಟುತ್ತಿತ್ತು. 1818ರಲ್ಲಿ ಕಂಪನಿಯವರು ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಅವರಿಗೆ ನೆರವಾಗಿ, ಖಾನಾಪುರ ಸೀಮೆಯನ್ನು ಬಿಟ್ಟುಕೊಟ್ಟು, ವರ್ಷಕ್ಕೆ ಒಂದೂಮುಕ್ಕಾಲು ಲಕ್ಷದ ಆಸುಪಾಸಿನ ಹಣ ಕಟ್ಟಲು ಒಪ್ಪಿ ಸನದು ಪಡೆದಿತ್ತು. ಜಗಳ ಬಿದ್ದದ್ದು ಒಂದು ಸಹಿಗಾಗಿ ಮತ್ತು ಒಂದು ಬೀಗಕ್ಕಾಗಿ.

ಚನ್ನಮ್ಮ ಕಾಕತಿಯ ದೇಸಾಯಿ ಮನೆತನದ ಮಗಳು, ಹುಟ್ಟಿದ್ದು 1778ರಲ್ಲಿ. ಕಿತ್ತೂರಿನ ಮಲ್ಲಸರ್ಜನ ಎರಡನೆಯ ಹೆಂಡತಿಯಾಗಿ ವಾಡೆಗೆ ಬಂದಳು, ಹಿರಿಯಳು ರುದ್ರಮ್ಮ. ಮಲ್ಲಸರ್ಜ ಆಯುಷ್ಯದಲ್ಲಿ ಎರಡು ಬಾರಿ ಪರರ ಸೆರೆಯಲ್ಲಿದ್ದವನು, ಮೊದಲು ಟಿಪ್ಪುವಿನದು, ಕಡೆಗೆ ಪೇಶ್ವೆಯದು. ಪುಣೆಯ ಸೆರೆಯಿಂದ ಬಿಟ್ಟಾಗ ಆತ ಹಣ್ಣಾಗಿದ್ದ. 1816ರಲ್ಲಿ ಊರು ಸೇರುವ ಮೊದಲೇ ದಾರಿಯಲ್ಲಿ ತೀರಿಕೊಂಡ. ದೊರೆ ಸೆರೆಯಲ್ಲಿದ್ದಾಗ ವಾಡೆಯ ವ್ಯವಹಾರ ನಿಲ್ಲುವುದಿಲ್ಲವಲ್ಲ. ಹೊಲದ ಹುಟ್ಟುವಳಿ ಬರಬೇಕು, ಊರ ಕಾವಲಿನ ಶೆಟಸನದಿಗಳಿಗೆ ಇನಾಮು ನಡೆಯಬೇಕು, ಪುಣೆಗೆ ಕಂತು ಹೋಗಬೇಕು. ಮುಂದೆ ಪಟ್ಟಕ್ಕೆ ಬಂದ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನೂ ರೋಗಿಷ್ಠ. 1824ಕ್ಕೆ ಬರುವ ಹೊತ್ತಿಗೆ ಚನ್ನಮ್ಮ ಪಳಗಿದ ಕೈ, ಆಕಸ್ಮಿಕವಾಗಿ ಗಾದಿಯ ಮೇಲೆ ಕೂತ ವಿಧವೆಯಲ್ಲ.

1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿರುವುದಾಗಿ ತಿಳಿಸುವ ಕಾಗದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಗೆ ತಲುಪಿತು. ಕಾಗದದ ತಾರೀಖು ಜುಲೈ ತಿಂಗಳದ್ದು, ಕೈಸೇರಿದ್ದು ಸೆಪ್ಟೆಂಬರ್‌ನಲ್ಲಿ. ಥ್ಯಾಕರೆ ಸರಕಾರಿ ಡಾಕ್ಟರನನ್ನು ಕಿತ್ತೂರಿಗೆ ಓಡಿಸಿದ. ಡಾಕ್ಟರು ಮುಟ್ಟುವಷ್ಟರಲ್ಲಿ ದೊರೆ ಇಲ್ಲ. ಥ್ಯಾಕರೆಯ ಕಣ್ಣು ಸಹಿಯ ಮೇಲೆ ಬಿತ್ತು. ಸಾಯುವವನ ಸಹಿಯೋ, ಸತ್ತವನ ಹೆಸರಿನಲ್ಲಿ ಬೇರೆಯವರು ಹಾಕಿದ್ದೋ? ದತ್ತಕ ಸುಳ್ಳು ಎಂದು ಆತ ತೀರ್ಮಾನಿಸಿದ. ತಾನೇ ಕಿತ್ತೂರಿಗೆ ಬಂದು ಖಜಾನೆಗೆ ಬೀಗಮುದ್ರೆ ಹಾಕಿ, ಕಾವಲು ನಿಲ್ಲಿಸಿ, ಸಂಸ್ಥಾನದ ಕಾರಭಾರಕ್ಕೆ ಹಾವೇರಿ ವೆಂಕಟರಾವ್, ಕೊಣ್ಣೂರ ಮಲ್ಲಪ್ಪ ಮುಂತಾದವರನ್ನು ನೇಮಿಸಿದ. ಡಾಲ್‌ಹೌಸಿಯ ಹೆಸರಿಗೆ ಅಂಟಿದ, ದತ್ತಕವಿಲ್ಲ ಎನ್ನುವ ನೀತಿ ಬರಲು ಇನ್ನೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಮಯವಿತ್ತು. ಕಿತ್ತೂರಿನಲ್ಲಿ ಅದರ ತಾಲೀಮು ನಡೆದುಹೋಯಿತು.

ಇಲ್ಲಿ ಚನ್ನಮ್ಮ ಮಾಡಿದ ಮೊದಲ ಕೆಲಸ ಕಾಗದ ಬರೆಸಿದ್ದು. ಕತ್ತಿಗೆ ಕೈಹಾಕಿದ್ದು ಆಮೇಲೆ. ಪುಣೆಯಲ್ಲಿದ್ದ ಕಮಿಷನರ್ ಚಾಪ್ಲಿನ್‌ಗೂ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೂ ಆಕೆಯ ಅಹವಾಲು ಹೋಯಿತು. ಕಲೆಕ್ಟರ್ ತಪ್ಪಿದರೆ ಅವನ ಮೇಲಿನವನನ್ನು ಕೇಳಬೇಕು, ಅವನೂ ಕೇಳದಿದ್ದರೆ ಗವರ್ನರನನ್ನು. ಕಂಪನಿಯ ಮೆಟ್ಟಿಲುಗಳನ್ನು ಆಕೆ ಕಂಪನಿಯವರಷ್ಟೇ ಚೆನ್ನಾಗಿ ಬಲ್ಲವಳಾಗಿದ್ದಳು. ಅದರಿಂದ ಫಲವೇನೂ ಬರಲಿಲ್ಲ. ಅಕ್ಟೋಬರ್‌ನಲ್ಲಿ ಥ್ಯಾಕರೆ ತೋಪುಗಳೊಂದಿಗೆ ಮತ್ತೆ ಬಂದ. ಖಜಾನೆಗೆ ಜವಾಬುದಾರರು ಎಂದು ಮುಚ್ಚಳಿಕೆ ಬರೆದುಕೊಡಲು ವಾಡೆಯ ಪ್ರಮುಖರನ್ನು ಒತ್ತಾಯಿಸಿದ. ಅವನೇ ಬೀಗ ಹಾಕಿದ ಖಜಾನೆಗೆ ಇವರು ಹೊಣೆ! ವಾಡೆಯವರು ಒಪ್ಪಲಿಲ್ಲ.

ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ತೆರೆಯಲಿಲ್ಲ. ಥ್ಯಾಕರೆ ಕೆಲವೇ ನಿಮಿಷಗಳ ಗಡುವು ಕೊಟ್ಟ, ಇಲ್ಲವಾದರೆ ಬಾಗಿಲು ಸಿಡಿಸುವುದಾಗಿ ಹೇಳಿದ. ಗಡುವು ಮುಗಿಯುವ ಹೊತ್ತಿಗೆ ಬಾಗಿಲು ಒಳಗಿನಿಂದಲೇ ತೆರೆಯಿತು. ಸರದಾರ ಗುರುಸಿದ್ಧಪ್ಪನ ಜನ ಪ್ರವಾಹದಂತೆ ಹೊರಗೆ ನುಗ್ಗಿದರು. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸೀವೆಲ್, ಡೈಟನ್ ಸತ್ತರು. ಕುದುರೆ ಏರಿ ಮುಂದೆ ಬಂದ ಥ್ಯಾಕರೆಯನ್ನು ಅಮಟೂರ ಬಾಳಪ್ಪನ ಗುಂಡು ಕೆಡವಿತು. ಈ ಥ್ಯಾಕರೆ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಚಿಕ್ಕಪ್ಪ. ಅಮಟೂರು ಬೈಲಹೊಂಗಲದ ಪಕ್ಕದ ಹಳ್ಳಿ.

ಕಲೆಕ್ಟರನ ಇಬ್ಬರು ಸಹಾಯಕರು, ಸ್ಟೀವನ್‌ಸನ್ ಮತ್ತು ಎಲಿಯಟ್, ಜೀವಂತ ಕೈಗೆ ಸಿಕ್ಕರು. ಸಿಟ್ಟಿನಲ್ಲಿ ಕುದಿಯುತ್ತಿದ್ದ ಜನರ ನಡುವೆ ಅವರಿಬ್ಬರ ತಲೆ ಉಳಿಸಿದ್ದು ಚನ್ನಮ್ಮನ ಲೆಕ್ಕಾಚಾರ. ಸತ್ತ ಇಂಗ್ಲಿಷರಿಂದ ಸಂಧಾನ ನಡೆಯುವುದಿಲ್ಲ ಎಂಬುದು ಆಕೆಗೆ ತಿಳಿದಿತ್ತು. ಅವರನ್ನು ಚೆನ್ನಾಗಿ ನೋಡಿಕೊಂಡು, ಅವರನ್ನೇ ಮುಂದಿಟ್ಟುಕೊಂಡು ಚಾಪ್ಲಿನ್ ಜೊತೆ ಮಾತು ನಡೆಸಿದಳು. ಸೆರೆಯಲ್ಲಿದ್ದ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಮುಂದೆ ಈತ ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿ ನಮ್ಮ ಇತಿಹಾಸ ಸಂಶೋಧನೆಗೆ ಬುನಾದಿ ಹಾಕಿದ. ಚಾಲುಕ್ಯರ ಬಗ್ಗೆ ನಾವು ಓದುವುದೆಲ್ಲದರ ಬುಡದಲ್ಲಿ, ಕಿತ್ತೂರ ವಾಡೆಯಲ್ಲಿ ಆರು ವಾರ ಜೀವ ಉಳಿಸಿಕೊಂಡ ಈ ಹುಡುಗನಿದ್ದಾನೆ ಎಂಬುದು ನನಗೆ ಯಾವಾಗಲೂ ಮೋಜಿನ ಸಂಗತಿ.

ಸಂಧಾನದ ಮಾತು ನಂಬಿ ಡಿಸೆಂಬರ್ ಮೊದಲ ವಾರದ ಆರಂಭದಲ್ಲಿ ಸೆರೆಯಾಳುಗಳನ್ನು ಬಿಟ್ಟುಕೊಟ್ಟರು. ಕೂಡಲೇ ದೊಡ್ಡ ಸೈನ್ಯ ಕೋಟೆಯ ಮೇಲೆ ಬಿತ್ತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಸರ್ ಥಾಮಸ್ ಮನ್ರೋನ ಸಂಬಂಧಿ, ಪೆಟ್ಟು ತಿಂದು ಸತ್ತ. ಮದ್ದಿನಲ್ಲಿ ಜೋಳ ಬೆರೆಸಿದ್ದರು, ಸಗಣಿ ಬೆರೆಸಿದ್ದರು ಎಂದು ಒಳಗಿನವರ ದ್ರೋಹದ ಕಥೆಗಳನ್ನು ಜನ ಇವತ್ತಿಗೂ ಹೇಳುತ್ತಾರೆ. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಕಂಪನಿಯ ವಶವಾಗಿತ್ತು, ಖಜಾನೆ ಕೊಳ್ಳೆ ಹೋಗಿತ್ತು. ಚನ್ನಮ್ಮ, ಸೊಸೆಯರಾದ ವೀರಮ್ಮ, ಜಾನಕಿಬಾಯಿ ಬೈಲಹೊಂಗಲದ ಕೋಟೆಗೆ ಸೆರೆಯಾಳುಗಳಾಗಿ ಬಂದರು. ನಾಲ್ಕು ವರ್ಷದ ಸೆರೆಯ ಬಳಿಕ 1829ರ ಫೆಬ್ರುವರಿಯಲ್ಲಿ ಚನ್ನಮ್ಮ ಅಲ್ಲಿಯೇ ಕಣ್ಣುಮುಚ್ಚಿದಳು. ಸಮಾಧಿಯೂ ಅಲ್ಲಿಯೇ. ಆಕೆಯ ಸಾವಿನ ಬಳಿಕ ಎದ್ದ ಸಂಗೊಳ್ಳಿ ರಾಯಣ್ಣ 1830ರ ಜನವರಿಯಲ್ಲಿ ಬೀಡಿಯ ಕಚೇರಿಗೆ ಬೆಂಕಿಯಿಟ್ಟು ಕಾಗದಪತ್ರಗಳನ್ನು ಸುಟ್ಟ. ಕಾಗದದಿಂದ ಸಿಗದ ನ್ಯಾಯವನ್ನು ಆತ ಕಾಗದ ಸುಟ್ಟು ಕೇಳಿದ. ಹೆದರಿದ ಸರಕಾರ ವೀರಮ್ಮನನ್ನು ಬೈಲಹೊಂಗಲದಿಂದ ಎಬ್ಬಿಸಿ ಬೇರೆ ಕಡೆ ಸಾಗಿಸಿತು. ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ಮೇಲೂ ಆ ಕಥೆ ಲಾವಣಿಯಾಗಿ ಉಳಿಯಿತು. ಇಂಗ್ಲಿಷ್ ಅಧಿಕಾರಿ ಫ್ಲೀಟನೇ ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದ.

ಇದೇ ಹೊತ್ತಿಗೆ ಮಲಪ್ರಭೆಯ ದಂಡೆಯ ರಾಮದುರ್ಗದಲ್ಲಿ ಇನ್ನೊಬ್ಬ ವಿಧವೆ ಗದ್ದಲವಿಲ್ಲದೆ ಅದೇ ಕೆಲಸ ಮಾಡುತ್ತಿದ್ದಳು. ಭಾವೆ ಮನೆತನದ ನಾರಾಯಣರಾವ್ 1827ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ರಾಧಾಬಾಯಿ ಸಂಸ್ಥಾನವನ್ನು ಕೈಗೆ ತೆಗೆದುಕೊಂಡಳು. ಮೂವತ್ತು ವರ್ಷ, 1857ರವರೆಗೆ, ಆಕೆಯದೇ ಆಡಳಿತ. ಆಮೇಲೆ ದತ್ತಕನಾಗಿ ಬಂದ ರಾಮರಾವ್ ನರಗುಂದದ ದೊರೆ ಭಾಸ್ಕರರಾವ್ ಬಾಬಾಸಾಹೇಬನ ಮಲತಮ್ಮ. ಕಿತ್ತೂರಿಗೆ ದಕ್ಕದ ದತ್ತಕ ರಾಮದುರ್ಗಕ್ಕೆ ದಕ್ಕಿತು. ಅದೇ ದತ್ತಕದ ಅನುಮತಿ ಬಾಬಾಸಾಹೇಬನಿಗೆ ದಕ್ಕಲಿಲ್ಲ, ಆತ ದಂಗೆ ಎದ್ದ. 1858ರ ಮೇ 29ರ ರಾತ್ರಿ ರಾಮದುರ್ಗ ಬಿಟ್ಟು ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ನರಗುಂದದ ಅಗಸೆಗೆ ಬಂತು, ಎರಡು ವಾರದಲ್ಲಿ ಬಾಬಾಸಾಹೇಬ ಬೆಳಗಾವಿಯಲ್ಲಿ ಗಲ್ಲಿಗೇರಿದ. ಒಂದೇ ನದಿಯ ಸೀಮೆ, ಒಂದೇ ಸರಕಾರ, ಮೂರು ದತ್ತಕ, ಮೂರು ತೀರ್ಪು. ಕಂಪನಿಯ ಕಾನೂನು ಎಂದು ಗೌರವದಿಂದ ಹೇಳುವವರು ಇದನ್ನೊಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. ರಾಧಾಬಾಯಿಯ ಮೇಲೆ ಯಾರೂ ನಾಟಕ ಕಟ್ಟದಿದ್ದರೆ ಆಶ್ಚರ್ಯವಿಲ್ಲ. ಸಂಸ್ಥಾನ ಮುರಿಯದಂತೆ ಮೂವತ್ತು ವರ್ಷ ನಡೆಸಿದ ಕಥೆಗೆ ಮೂರನೆಯ ಅಂಕ ಎಲ್ಲಿಂದ ತರುವುದು?

ಮಲ್ಲಮ್ಮ, ಚನ್ನಮ್ಮ, ರಾಧಾಬಾಯಿ ಮೂವರಿಗೂ ಗಂಡಸರ ಕೆಲಸದ ಬಾಗಿಲು ಪೂರ್ತಿ ತೆರೆದದ್ದು ಗಂಡನ ಸಾವು. ಇದು ನಮ್ಮ ಸೀಮೆಯ ವಿಶೇಷವೇನಲ್ಲ. ಮಲ್ಲಮ್ಮನಿಗಿಂತ ಹಿರಿಯಳಾದ ಆಸೆನಾಥ್ ಬರ್ಜಾನಿ ಎಂಬ ಯಹೂದಿ ಹೆಂಗಸು ಈಗಿನ ಇರಾಕಿನ ಮೊಸುಲ್ ಪಟ್ಟಣದಲ್ಲಿ ಇದೇ ದಾರಿಯಲ್ಲಿ ಬಂದವಳು. ಯಹೂದಿ ಧರ್ಮಶಾಸ್ತ್ರ ಕಲಿಸುವ ಪಾಠಶಾಲೆ ನಡೆಸುವುದು ಅಪ್ಪಟ ಗಂಡಸರ ಹಕ್ಕು. ಅಪ್ಪ ಮಗಳಿಗೆ ಅಡುಗೆ ಕಲಿಸದೆ ಶಾಸ್ತ್ರ ಕಲಿಸಿದ್ದ. ಗಂಡ ಸತ್ತ ಮೇಲೆ ಪಾಠಶಾಲೆಯ ಪಾಠವನ್ನೂ ಸಾಲವನ್ನೂ ಆಕೆಯೇ ಹೊತ್ತಳು. ಸಾಲ ಕೊಟ್ಟವರು ಮನೆಗೆ ನುಗ್ಗಿ ಬಟ್ಟೆಬರೆ, ಪುಸ್ತಕಗಳನ್ನು ಸಹ ಎತ್ತಿಕೊಂಡು ಹೋದಾಗ ಆಕೆ ಮಾಡಿದ್ದೂ ಕಾಗದ ಬರೆದದ್ದೇ. ನೆರವು ಕೇಳಿ ಪಾಂಡಿತ್ಯ ತುಂಬಿದ ಹೀಬ್ರೂನಲ್ಲಿ ಊರೂರಿಗೆ ಬರೆದಳು. ಪಾಠಶಾಲೆ ಉಳಿಯಿತು.

ಅಂಥ ಸಾವಿಗೆ ಕಾಯದೆ, ಪರೀಕ್ಷೆ ಬರೆದು ಒಳಗೆ ಹೋದ ಹೆಣ್ಣುಮಕ್ಕಳು ಬರಲು ಇನ್ನೂ ಬಹಳ ಕಾಲ ಬೇಕಾಯಿತು. ಅವರಲ್ಲಿ ಒಬ್ಬರು ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದವರು. ಡಾ. ಜೆರುಶಾ ಝಿರಾಡ್, ಕೊಂಕಣದ ಬೆನೆ ಇಸ್ರೇಲ್ ಯಹೂದಿ ಸಮುದಾಯದವರು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಭಾರತ ಸರಕಾರದ ವಿದ್ಯಾರ್ಥಿವೇತನ ಪಡೆದ ಮೊದಲ ಹೆಣ್ಣುಮಗಳಾಗಿ ಲಂಡನ್ನಿನಲ್ಲಿ ಓದು ಮುಂದುವರಿಸಿದರು. ಮೊದಲ ಮಹಾಯುದ್ಧದ ವರ್ಷಗಳನ್ನು ಅಲ್ಲಿಯ ಆಸ್ಪತ್ರೆಯಲ್ಲಿ ಕಳೆದರು. 1919ರಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಎಂ.ಡಿ. ಮುಗಿಸಿದರು. ಹಿಂದಿರುಗಿ ದೆಹಲಿ, ಬೆಂಗಳೂರುಗಳಲ್ಲಿ ಕೆಲಸ ಮಾಡಿ, ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು, 1947ರವರೆಗೆ ನಡೆಸಿದರು. ಬೈಲಹೊಂಗಲವೂ ಸವದತ್ತಿಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ ಅದು. ಆ ಪ್ರಾಂತದ ರಾಜಧಾನಿಯಲ್ಲಿ ಬಾಣಂತಿಯರು ಯಾಕೆ ಸಾಯುತ್ತಾರೆ ಎಂಬುದನ್ನು ಝಿರಾಡ್ ಅವರು ಸಾವಿನ ಪ್ರಕರಣಗಳನ್ನು ಬಿಡಿಬಿಡಿಯಾಗಿ ತೆಗೆದು ತನಿಖೆ ಮಾಡಿ ವರದಿ ಬರೆದರು. ಬಾಣಂತಿಯ ಸಾವನ್ನು ಹಣೆಬರಹದ ಲೆಕ್ಕಕ್ಕೆ ಜಮಾ ಮಾಡುತ್ತಿದ್ದ ದಿನಗಳಲ್ಲಿ ಅದು ದೊಡ್ಡ ಕೆಲಸ. 1966ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕಿತ್ತೂರಿಗೂ ಪರೀಕ್ಷೆಯ ದಾರಿ ಬಂತು. 1969ರಲ್ಲಿ ಅಲ್ಲಿ ಚನ್ನಮ್ಮನ ಹೆಸರಿನ, ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಆರಂಭವಾಯಿತು. ಪ್ರವೇಶ ಪರೀಕ್ಷೆ ಪಾಸಾಗಿ ಬಂದ ಹುಡುಗಿಯರು ಕವಾಯತು, ಕುದುರೆ ಸವಾರಿ, ಬಂದೂಕು ಕಲಿತರು. ಗಂಡುಮಕ್ಕಳ ಸೈನಿಕ ಶಾಲೆಯಿಂದ ಹೊರಬಿದ್ದವರಿಗೆ ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ತೆರೆದಿರುತ್ತಿತ್ತು. ಕಿತ್ತೂರಿನ ಹುಡುಗಿಯರಿಗೆ ಅದೇ ಬಾಗಿಲು ಐವತ್ತು ವರ್ಷಕ್ಕೂ ಮೇಲ್ಪಟ್ಟು ಮುಚ್ಚಿಯೇ ಇತ್ತು. 2007ರಲ್ಲಿ ಸಂಸತ್ತಿನ ಆವರಣದಲ್ಲಿ ಚನ್ನಮ್ಮನ ಪ್ರತಿಮೆ ನಿಂತಾಗಲೂ, ಅದನ್ನು ಅನಾವರಣ ಮಾಡಿದ ಮೊದಲ ಮಹಿಳಾ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಸೇನೆಯ ಮಹಾದಂಡನಾಯಕಿಯಾಗಿದ್ದಾಗಲೂ ಮುಚ್ಚಿತ್ತು. ಕೊನೆಗೆ 2021ರಲ್ಲಿ ಸುಪ್ರೀಂ ಕೋರ್ಟು ಹೆಣ್ಣುಮಕ್ಕಳು ಆ ಪರೀಕ್ಷೆಗೆ ಕೂಡಲು ಅವಕಾಶ ಕೊಟ್ಟಿತು. 2022ರಲ್ಲಿ ಮೊದಲ ತಂಡ ಅಕಾಡೆಮಿ ಸೇರಿತು. 2025ರ ಮೇ ತಿಂಗಳಲ್ಲಿ ಆ ತಂಡದ 17 ಹೆಣ್ಣುಮಕ್ಕಳು ತರಬೇತಿ ಮುಗಿಸಿ ಹೊರಬಂದರು.